ಏರಿಯ ಮೇಲೆ ಸುಣ್ಣದ ಗೆರೆ

ಕಾ ಬೊನೆಲ್ಲೊ ಎಂಬ ಊರಿನ ರಸ್ತೆಗೆ ಹೊಸ ಡಾಂಬರು ಬಿದ್ದ ದಿನ ಅಲ್ಚಿದೆ ತನ್ನ ಬಾರಿಗೆ ಬಂದವರಿಗೆಲ್ಲ ಒಂದೊಂದು ಲೋಟ ವೈನ್ ಬಿಟ್ಟಿ ಕೊಟ್ಟಿದ್ದ. ಪೋ ನದಿಯ ದೋಣಿ ಸೇತುವೆಯಿಂದ ಊರಿನ ಚರ್ಚಿನವರೆಗೆ ಏರಿಯ ಮೇಲೆ ಹೊರಳುತ್ತ ಬರುವ ಆ ರಸ್ತೆ ಎಷ್ಟೋ ವರ್ಷದಿಂದ ಗುಂಡಿಗಳ ಸಾಲಾಗಿತ್ತು. ಈಗ ಹೊಸ ಬೂಟಿನ ಹಾಗೆ ಕರ್ರಗೆ ಮಿರಮಿರನೆ ಮಿಂಚುತ್ತಿತ್ತು. ಸೈಕಲ್ಲಿನವರು ಕೈಬಿಟ್ಟು ಹೊಡೆದರು. ಮುದುಕರು ಸಂಜೆ ಅದರ ಮೇಲೆ ಅತ್ತಿಂದಿತ್ತ ಅಡ್ಡಾಡಿ, ಬದುಕಿದ್ದಾಗಲೇ ಇಂಥದ್ದು ನೋಡಿದೆವಲ್ಲ ಎಂದು ತೃಪ್ತಿಪಟ್ಟರು.

ಆ ಖುಷಿಯಲ್ಲಿ ಒಂದು ಸಂಗತಿ ದಿರ್ಚೆಯ ಕಣ್ಣಿಗೆ ಮಾತ್ರ ಬಿತ್ತು. ಹಳೇ ರಸ್ತೆಯ ಜೊತೆಗೆ ಅದರ ಅಂಚಿನ ಬಿಳಿ ಗೆರೆಯೂ ಡಾಂಬರಿನಡಿ ಹೂತುಹೋಗಿತ್ತು.

ದಿರ್ಚೆ ಅಲ್ಚಿದೆಯ ಅಕ್ಕ. ಆ ಏರಿಯ ಮೇಲೆ ಓಡುತ್ತಿದ್ದ ಒಂದೇ ಒಂದು ಬಸ್ಸಿನ ಡ್ರೈವರು. ನಲವತ್ತು ದಾಟಿದ ಗಟ್ಟಿ ಹೆಂಗಸು. ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದವರಿಗೆ "ಬಸ್ಸು ಒಪ್ಪಬೇಕಲ್ಲ" ಎಂದು ನಗುತ್ತಿದ್ದಳು. ಬೆಳಿಗ್ಗೆ ಸಕ್ಕರೆ ಕಾರ್ಖಾನೆಯ ಹೆಂಗಸರನ್ನು ಸೇತುವೆಯಾಚೆಗೆ ಒಯ್ದು, ಸಂಜೆ ತಂದು ಬಿಡುವುದು ಅವಳ ಕೆಲಸ. ಬಸ್ಸು ಹಳೆಯದು, ನೀಲಿ ಬಣ್ಣದ್ದು. ಗಾಡಿಗಳು ಬಲಬದಿಗೇ ಓಡುವ ಆ ನಾಡಿನಲ್ಲಿ, ರಸ್ತೆಯ ಅಂಚು ಚೆನ್ನಾಗಿ ಕಾಣಲೆಂದು ಆ ಕಾಲದವರು ಅಂಥ ಬಸ್ಸುಗಳಿಗೆ ಸ್ಟಿಯರಿಂಗನ್ನು ಬಲಗಡೆಗೇ ಇಟ್ಟಿದ್ದರು. ಮಂಜು ಇಳಿದಾಗ ದಿರ್ಚೆ ಕಿಟಕಿಯ ಗಾಜು ಕೆಳಗಿಳಿಸಿ, ತಲೆ ಹೊರಗೆ ಹಾಕಿ, ದೀಪ ತಗ್ಗಿಸಿಕೊಂಡು, ಚಕ್ರದ ಪಕ್ಕ ಓಡುವ ಆ ಗೆರೆಯೊಂದನ್ನೇ ನೋಡುತ್ತ ಬರುವಳು. ಗೆರೆಯ ಆಚೆ ಒಂದು ಮೊಳ ಹುಲ್ಲು, ಹುಲ್ಲಿನಾಚೆ ಕಾಲುವೆ. ಮಂಜೆಂದರೆ ಮುಂದಿನ ಸೀಟಿನವರ ಟೋಪಿ ಕಾಣದಂಥ ಮಂಜು. ದೊಡ್ಡ ದೀಪ ಹಾಕಿದರೆ ಎದುರಿಗೆ ಬಿಳಿ ಗೋಡೆ ಎದ್ದು ನಿಲ್ಲುವುದೇ ಹೊರತು ದಾರಿ ಕಾಣುವುದಿಲ್ಲ. ಆದರೂ ಇಷ್ಟು ವರ್ಷ ಬಸ್ಸಿನ ಒಂದು ಗಾಲಿಯೂ ಹುಲ್ಲು ಮುಟ್ಟಿರಲಿಲ್ಲ.

ಗೆರೆ ಎಳೆಯುವವರು ಅಕ್ಟೋಬರ್ ಕೊನೆಗೆ ಯಂತ್ರದ ಸಮೇತ ಬಂದೇನೋ ಬಂದರು. ಅವರ ಹಿಂದೆಯೇ ಮಳೆ ಬಂತು. ಬಾರಿನಲ್ಲಿ ಮೂರು ದಿನ ಇಸ್ಪೀಟಾಡಿ, ರಸ್ತೆ ಒಣಗಲಿ ಅಂದು ಹೊರಟುಹೋದರು. ಮಳೆ ನಿಂತಿತು, ಮಂಜು ಶುರುವಾಯಿತು. ರಸ್ತೆ ಒಣಗಲೇ ಇಲ್ಲ. ಅಲ್ಚಿದೆ ಬಾರಿನ ಫೋನಿನಿಂದ ರಸ್ತೆ ಇಲಾಖೆಗೆ ಮಾಡಿ ಮಾಡಿ ಸುಸ್ತಾದ. ಆ ಕಡೆ ಬೆಲ್ಲುಕೊ ಎಂಬ ಎಂಜಿನಿಯರು ಪಾಪ, ಪಕ್ಕದಲ್ಲಿ ಕಿವಿ ಹಚ್ಚಿ ನಿಂತ ದಿರ್ಚೆಗೂ ಕೇಳುವಂತೆ, ಸಮಾಧಾನವಾಗಿಯೇ ಉತ್ತರ ಕೊಡುತ್ತಿದ್ದ. "ಸ್ವಾಮಿ, ಒದ್ದೆ ಡಾಂಬರಿನ ಮೇಲೆ ಬಣ್ಣ ಹೊಡೆದ್ರೆ ಒಂದೇ ವಾರಕ್ಕೆ ಹೊಪ್ಪಳಿಕೆ ಎದ್ದು ಹೋಗುತ್ತೆ. ನಾಲ್ಕು ದಿನ ಒಣಗಾಳಿ ಬೀಸಲಿ, ನಾನೇ ಬಂದು ಎಳೆಸ್ತೀನಿ."

ಒಣಗಾಳಿ ಬೀಸಲಿಲ್ಲ. ನವೆಂಬರಿನಲ್ಲಿ ಬರುವ ಸಂತ ಮಾರ್ಟಿನ್ನನ ಹಬ್ಬ ಕಳೆದ ಮರುದಿನ ಸಂಜೆ ದಿರ್ಚೆ ಕಾರ್ಖಾನೆಯ ಹೆಂಗಸರನ್ನು ತುಂಬಿಕೊಂಡು ಬರುತ್ತಿದ್ದಳು. ಕಿಟಕಿಯಿಂದ ಎಷ್ಟು ಬಗ್ಗಿ ನೋಡಿದರೂ ಕೆಳಗೆ ಕರಿ ಬಿಟ್ಟರೆ ಏನೂ ಇಲ್ಲ. ರಸ್ತೆಯೂ ಕರಿ, ನೀರೂ ಕರಿ. ಅವಳು ತೆವಳುವ ಹಾಗೆ ನಡೆಸುತ್ತಿದ್ದರೂ ಒಂದು ತಿರುವಿನಲ್ಲಿ ಬಸ್ಸು ಮೆಲ್ಲಗೆ, ಮಲಗಲು ಹೋಗುವ ಹಸುವಿನಂತೆ, ಬಲಕ್ಕೆ ವಾಲಿತು. ಮುಂದಿನ ಗಾಲಿ ಕಾಲುವೆಯ ಮೇಲೆ ಗಾಳಿಯಲ್ಲಿ ತಿರುಗುತ್ತಿತ್ತು.

"ಯಾರೂ ಅಲ್ಲಾಡ್ಬೇಡಿ! ಹಿಂದಿನ ಬಾಗಿಲಿಂದ ಒಬ್ಬೊಬ್ರೇ ಇಳೀರಿ, ದಪ್ಪಗಿರೋರು ಕೊನೇಗೆ!" ಎಂದು ದಿರ್ಚೆ ಕೂಗಿದಳು.

ಯಾರು ದಪ್ಪ ಎಂಬ ಬಗ್ಗೆ ಆ ಹೊತ್ತಿನಲ್ಲೂ ಸಣ್ಣ ಜಗಳವಾಯಿತು. ಕೊನೆಗೆ ಎಲ್ಲರೂ ಇಳಿದರು, ಯಾರಿಗೂ ಒಂದು ಗೀರೂ ಆಗಲಿಲ್ಲ. ಟ್ರಾಕ್ಟರು ಬಂದು ಬಸ್ಸನ್ನು ಎಳೆಯಿತು. ಹೆಂಗಸರು ಆಗಲೇ ನಡೆದದ್ದನ್ನು ಬಣ್ಣ ಕಟ್ಟಿ ಹೇಳಲು ಶುರುಮಾಡಿದ್ದರು. ದಿರ್ಚೆ ಮಾತ್ರ ನಗಲಿಲ್ಲ. ಬಸ್ಸನ್ನು ಶೆಡ್ಡಿಗೆ ಹಾಕಿ, ಬೀಗದ ಕೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡವಳು, "ಗೆರೆ ಬರೋವರೆಗೂ ಮಂಜಲ್ಲಿ ನಾನು ಬಸ್ಸು ತೆಗೆಯೋಳಲ್ಲ" ಅಂದುಬಿಟ್ಟಳು.

ಊರಿನವರು ಒಂದು ವಾರ ತಡೆದುಕೊಂಡರು. ಆಮೇಲೆ ಬಾಯಿಗೆ ಬಂದದ್ದು ಅಂದರು. ಬಸ್ಸಿಗೆ ನೆಗಡಿಯಂತೆ, ಡ್ರೈವರಮ್ಮನಿಗೆ ನೀರಿನ ಕಂಟಕವಂತೆ. ಕಾರ್ಖಾನೆಯ ಹೆಂಗಸರು ಸೈಕಲ್ಲಿನಲ್ಲಿ ಗಂಟೆ ಬಾರಿಸುತ್ತ ಅವಳ ಮನೆ ಮುಂದೆ ಹಾದುಹೋಗುವಾಗ, "ದಿರ್ಚೆಕ್ಕಾ, ಕಾಲು ಬಿದ್ದೋಯ್ತು ಕಣೇ! ನಿನ್ನ ಗೆರೆ ಇನ್ನೂ ಎಷ್ಟು ತಿಂಗಳ ಬಸುರಿ?" ಎಂದು ಕೂಗಿ ಹೋಗುತ್ತಿದ್ದರು. ಅವಳು ಒಳಗಿನಿಂದಲೇ, "ನಿಮ್ಮ ಸೊಂಟ ಕರಗಲಿ ಬಿಡ್ರೇ!" ಎಂದು ತಿರುಗಿ ಕೊಡುವಳು. ಆದರೆ ಬಾಗಿಲು ಹಾಕಿದ ಮೇಲೆ ಕಣ್ಣು ಮುಚ್ಚಿದರೆ ಗಾಳಿಯಲ್ಲಿ ತಿರುಗುವ ಗಾಲಿ ಕಾಣುತ್ತಿತ್ತು.

ಇಂಥ ಸಮಯದಲ್ಲಿ ಮದುವೆ ಬಂತು. ಅಲ್ಚಿದೆಯ ಮಗಳು ಲೊರೆನಾಳಿಗೂ ನದಿಯಾಚೆಯ ರುಜ್ಜೆರೊಗೂ ನವೆಂಬರಿನ ಕೊನೇ ಶನಿವಾರ ಮದುವೆಯೆಂದು ಬೇಸಿಗೆಯಲ್ಲೇ ಗೊತ್ತಾಗಿತ್ತು. ಗಂಡಿನ ಕಡೆಯವರು ಫೋನು ಮಾಡಿದರು: ಸೇತುವೆಯವರೆಗೆ ಹೇಗೋ ಬರುತ್ತೇವೆ, ಗೆರೆಯಿಲ್ಲದ ಏರಿಯ ಮೇಲೆ ಕಾರು ಓಡಿಸುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ, ಬಸ್ಸು ಕಳಿಸಿ.

ಅಲ್ಚಿದೆ ಅಕ್ಕನನ್ನು ಬಾರಿನ ಅಡುಗೆಮನೆಗೆ ಕರೆದು ಕೂರಿಸಿದ. ಒಲೆಯ ಮೇಲೆ ಜೋಳದ ಹಿಟ್ಟಿನ ಪೊಲೆಂತಾ ಕುದಿಯುತ್ತಿತ್ತು, ಲೊರೆನಾ ಅದನ್ನು ತಿರುವುತ್ತಿದ್ದಳು.

"ಅಕ್ಕಾ, ಇದೊಂದು ಸಲ."

"ಆಗಲ್ಲ ಕಣೋ."

"ನಿನ್ನ ಸೊಸೆಯ ಮದುವೆ."

"ಅದಕ್ಕೇ ಆಗಲ್ಲ ಅನ್ನೋದು. ಬೀಗರನ್ನ ಕಾಲುವೆಗೆ ಇಳಿಸಿ, ಆಮೇಲೆ ಯಾವ ಮುಖ ಇಟ್ಕೊಂಡು ಊಟಕ್ಕೆ ಕೂರಲಿ?"

ಅಲ್ಚಿದೆ ಸಿಡಿಮಿಡಿಗೊಂಡು ಹೊರಗೆ ಹೋದ. ಲೊರೆನಾ ಸೌಟು ಬಿಟ್ಟು ಅತ್ತೆಯ ಪಕ್ಕ ಬಂದು ಕುಳಿತಳು. ದಿರ್ಚೆ ಜೇಬಿನಿಂದ ಬೀಗದ ಕೈ ತೆಗೆದು ಮೇಜಿನ ಮೇಲೆ ಅತ್ತಿತ್ತ ಸರಿಸುತ್ತಿದ್ದಳು.

"ಹಟ ಅಂದ್ಕೊಂಡಿದಾರೆ ಎಲ್ರೂ. ಹಟ ಅಲ್ಲ, ಅಲ್ವಾ ಅತ್ತೆ?"

"ಭಯ ಮಗಳೇ," ಎಂದಳು ದಿರ್ಚೆ. "ಆ ಗೆರೆ ಇದ್ರೆ ಯಾರೋ ಪಕ್ಕದಲ್ಲಿ ನಡ್ಕೊಂಡು ಬರ್ತಿದಾರೆ ಅನ್ಸೋದು. ಈಗ ಒಬ್ಬಳೇ ಆಗ್ಬಿಟ್ಟಿದೀನಿ."

"ಗೆರೆ ತಾನೇ ಬೇಕಾಗಿರೋದು?" ಎಂದು ಬಾಗಿಲ ಬಳಿಯಿಂದ ಒಂದು ದನಿ ಕೇಳಿಸಿತು.

ಅಡುಗೆಮನೆಯ ಬಾಗಿಲಿಗೆ ಹೊಸ ಕೀಲು ಹಾಕುತ್ತಿದ್ದ ಜೆಲಿಂದೊ ಅವನು. ಊರಿನ ಬಡಗಿ, ಹೆಂಡತಿ ತೀರಿಕೊಂಡು ಬಹಳ ಕಾಲವಾದವನು, ಜೊತೆಗೆ ಫುಟ್ಬಾಲ್ ಮೈದಾನ ನೋಡಿಕೊಳ್ಳುವವನು. ದಿರ್ಚೆಗೂ ಅವನಿಗೂ ಮಾತು ನಿಂತು ಎರಡು ವರ್ಷವಾಗಿತ್ತು. ಸಂತೆಯ ದಿನ ಅವನು ನಿಲ್ದಾಣಕ್ಕೆ ಸ್ವಲ್ಪ ತಡವಾಗಿ ಓಡಿಬಂದಾಗ ಅವಳು ಬಸ್ಸು ನಿಲ್ಲಿಸದೆ ಹೋಗಿದ್ದಳು. ಅವನು ಎರಡು ಕುರ್ಚಿ ತಲೆಯ ಮೇಲೆ ಹೊತ್ತು ಮಳೆಯಲ್ಲಿ ಸೇತುವೆಯವರೆಗೆ ನಡೆದಿದ್ದ.

"ವಾರ ವಾರ ಮೈದಾನಕ್ಕೆ ಸುಣ್ಣದ ಗೆರೆ ಎಳೆಯೋನು ನಾನು," ಎಂದ ಜೆಲಿಂದೊ, ಬಾಯಲ್ಲಿದ್ದ ಮೊಳೆ ತೆಗೆದು. "ಗಾಡಿ ಇದೆ. ವರ್ಷಕ್ಕಾಗೋ ಸುಣ್ಣ ಕ್ಲಬ್ಬಿನ ಕೋಣೇಲಿ ಬಿದ್ದಿದೆ. ಒದ್ದೆ ನೆಲಕ್ಕೆ ಬಣ್ಣ ಹಿಡಿಯಲ್ಲ, ಸುಣ್ಣ ಹಿಡಿಯುತ್ತೆ. ಒಂದು ದಿನದ ಮಟ್ಟಿಗಂತೂ ಹಿಡಿಯುತ್ತೆ."

ದಿರ್ಚೆ ಅವನ ಕಡೆ ತಿರುಗದೆ ಲೊರೆನಾಳಿಗೇ ಹೇಳಿದಳು: "ಇವನ ಗೆರೆ ನಾನು ನೋಡಿದೀನಿ. ಗೋಲಿನ ಮುಂದಿನ ಚೌಕ ಬದನೆಕಾಯಿ ಥರ ಇರುತ್ತೆ."

"ಏರಿ ರಸ್ತೇನೂ ಬದನೆಕಾಯಿ ಥರಾನೇ ಇದೆಯಲ್ಲ. ಸರಿಹೋಯ್ತು," ಎಂದ ಜೆಲಿಂದೊ.

ಲೊರೆನಾ ಎಷ್ಟು ಜೋರಾಗಿ ನಕ್ಕಳೆಂದರೆ ಪೊಲೆಂತಾ ತಳ ಹಿಡಿಯಿತು. ದಿರ್ಚೆಗೂ ತುಟಿಯಂಚಿನಲ್ಲಿ ನಗು ಬಂದುಬಿಟ್ಟಿತು. ಅದನ್ನು ಮುಚ್ಚಿಕೊಳ್ಳಲು ಅವಳು ಎದ್ದು ಗದರಿದಳು: "ಇಡೀ ಗೆರೆ ಎಳೆದ್ರೆ ಅರ್ಧ ದಾರೀಲೇ ಸುಣ್ಣ ಮುಗಿಯುತ್ತೆ. ಒಂದು ಮಾರು ಎಳಿ, ಎರಡು ಮಾರು ಬಿಡು. ಕಾಲುವೆ ಕಡೆಗೆ ಮಾತ್ರ. ತಿರುವಲ್ಲಿ ಮಾತ್ರ ಬಿಡ್ದೆ ಎಳೀಬೇಕು, ತಿಳೀತಾ?"

ಎರಡು ವರ್ಷದಲ್ಲಿ ಅವನೊಡನೆ ಆಡಿದ ಮೊದಲ ಮಾತು ಅದು. "ತಿಳೀತು ಡ್ರೈವರಮ್ಮಾ," ಎಂದು ಅವನು ಮತ್ತೆ ಮೊಳೆ ಬಾಯಿಗೆ ಹಾಕಿಕೊಂಡ.

ಶುಕ್ರವಾರ ಮಧ್ಯಾಹ್ನ ಮಂಜು ಕೊಂಚ ತೆಳುವಾದಾಗ ದಿರ್ಚೆ ಖಾಲಿ ಬಸ್ಸನ್ನು ಸೇತುವೆಯ ಹತ್ತಿರ ಒಯ್ದು, ಅಲ್ಲೇ ಗೆಳತಿಯ ಮನೆಯಲ್ಲಿ ಉಳಿದಳು. ಶನಿವಾರ ಬೆಳಕು ಹರಿಯುವ ಹೊತ್ತಿಗೆ ಮತ್ತೆ ಎಲ್ಲ ಮುಚ್ಚಿಹೋಗಿತ್ತು. ಅಲ್ಚಿದೆ ಟ್ರಾಕ್ಟರಿನಲ್ಲಿ ದಾರಿಯುದ್ದಕ್ಕೂ ಅಲ್ಲಲ್ಲಿ ಸುಣ್ಣದ ಚೀಲ ಇಳಿಸುತ್ತ ಬಂದು, ಜೆಲಿಂದೊನನ್ನು ಗಾಡಿಯ ಸಮೇತ ತಂದು ಬಿಟ್ಟ. ದಿರ್ಚೆ ಕಿಟಕಿಯಿಂದ ನೋಡುತ್ತಿದ್ದಂತೆ ಜೆಲಿಂದೊ ಮೂರು ಗಾಲಿಯ ಗಾಡಿ ತಳ್ಳಿಕೊಂಡು ನಾಲ್ಕು ಹೆಜ್ಜೆ ಹೋದ, ಐದನೆಯದಕ್ಕೆ ಕಾಣದಾದ. ಗಾಡಿಯ ಕೀಚು ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ಅದೂ ಇಲ್ಲ.

ಒಂಬತ್ತರ ಸುಮಾರಿಗೆ ಗಂಡಿನ ಕಡೆಯವರು ನದಿಯ ಮೇಲೆ ಸಾಲಾಗಿ ಕಟ್ಟಿದ ದೋಣಿಗಳ ಹಲಗೆ ಸದ್ದು ಮಾಡುತ್ತ ನಡೆದುಬಂದರು. ಮೊದಲು ನಗು ಕೇಳಿಸಿತು, ಆಮೇಲೆ ಟೋಪಿಗಳು ಕಂಡವು, ಕೊನೆಗೆ ಜನ. ಅವರ ನಡುವೆ ಮದುಮಗನ ಅಜ್ಜಿ ತೆರ್ಸಿಲ್ಲಾ, ಎದೆಗೊಂದು ದೊಡ್ಡ ಪೊಟ್ಟಣ ಅವುಚಿಕೊಂಡು, ಯಾರ ಕೈಯನ್ನೂ ಹಿಡಿಯದೆ ಬಂದಳು. ಬಸ್ಸು ಹತ್ತಿ ಡ್ರೈವರಿನ ಹಿಂದಿನ ಸೀಟಿನಲ್ಲೇ ಕುಳಿತಳು.

"ಹೆಣ್ಣು ಮಗಳು ಓಡಿಸೋದಾ?" ಎಂದಳು.

"ಹೌದು ಅಜ್ಜಿ. ಇಳೀತೀರಾ?"

"ಯಾಕೆ ಇಳೀಲಿ? ನನ್ನ ಗಂಡ ಓಡಿಸ್ತಿದ್ದಾಗ ಮೂರು ಸಲ ಗದ್ದೆಗೆ ಬಿದ್ದಿದೀನಿ. ನಿನ್ನ ಕೈಲೂ ಒಂದು ಸಲ ನೋಡೋಣ, ನಡಿ!"

ದಿರ್ಚೆ ಗಾಜು ಇಳಿಸಿ ತಲೆ ಹೊರಗೆ ಹಾಕಿದಳು. ತಣ್ಣನೆಯ ಮಂಜು ಕಣ್ಣೆವೆಗೆ ಹನಿಯಾಗಿ ಕೂತಿತು. ಗೇರು ಹಾಕಿ, ಬಸ್ಸನ್ನು ಒಂದಿಷ್ಟು ಮುಂದೆ ಬಿಟ್ಟಳು. ಕರಿ, ಬರೀ ಕರಿ. ಇನ್ನೊಂದಿಷ್ಟು. ಆಗ ಚಕ್ರದ ಪಕ್ಕ, ಇಷ್ಟೇ ಇಷ್ಟು ಡೊಂಕಾಗಿ, ಒಂದು ಮಾರು ಬಿಳುಪು ಕಂಡಿತು. ಅದು ಹಿಂದೆ ಸರಿಯಿತು. ಎರಡು ಮಾರು ಕತ್ತಲು. ಮತ್ತೆ ಬಿಳುಪು.

"ಬಂತು!" ಎಂದು ಕಿಟಕಿಗೆ ಮೂಗು ಒತ್ತಿಕೊಂಡಿದ್ದ ಅಜ್ಜಿ ಕೂಗಿದಳು. "ಇನ್ನೊಂದು ಬಂತು!"

ದಿರ್ಚೆಗೆ ಹೆಗಲು ಹಗುರಾಯಿತು. ಅಜ್ಜಿ ಪ್ರತಿ ಗೆರೆಗೂ "ಬಂತು" ಎನ್ನುತ್ತಿದ್ದಳು. ಸ್ವಲ್ಪ ಹೊತ್ತಿಗೆ ಬಸ್ಸಿಗೆ ಬಸ್ಸೇ ಅವಳ ಜೊತೆ ಕೂಗತೊಡಗಿತು. ಜೆಲಿಂದೊ ಹೇಳಿದ್ದಷ್ಟನ್ನೂ ಮಾಡಿ, ತನ್ನ ಕೈಚಳಕವನ್ನೂ ಸೇರಿಸಿದ್ದ. ತಿರುವು ಹತ್ತಿರವಾದಂತೆ ಗೆರೆಗಳು ಒತ್ತೊತ್ತಾಗಿ ಬಂದು, ತಿರುವಿನಲ್ಲಿ ಒಂದೇ ಉದ್ದನೆಯ ಬಳ್ಳಿಯಾಗುತ್ತಿದ್ದವು. ಬಸ್ಸು ವಾಲಿದ್ದ ಆ ಕೆಟ್ಟ ತಿರುವಿನಲ್ಲಂತೂ ಮೈದಾನದ ಮೂಲೆಗಳಲ್ಲಿ ನೆಡುವ ನಾಲ್ಕು ಕೆಂಪು ಬಾವುಟಗಳನ್ನು ಕಿತ್ತು ತಂದು ಹುಲ್ಲಿನಂಚಿಗೆ ಸಾಲಾಗಿ ನೆಟ್ಟಿದ್ದ. ಕೆಂಪು ಕಂಡೊಡನೆ ಮದುಮಗ ರುಜ್ಜೆರೊ ಎದ್ದು ನಿಂತು, "ಕಾರ್ನರ್ ಕಿಕ್!" ಎಂದು ಅರಚಿದ. ದಿರ್ಚೆ ನಗುತ್ತ ನಗುತ್ತಲೇ ಆ ತಿರುವು ದಾಟಿದಳು. ದಾಟಿದ್ದು ಅವಳಿಗೆ ಆಮೇಲೆ ಗೊತ್ತಾಯಿತು.

ಅಷ್ಟರಲ್ಲಿ ಕನ್ನಡಿಯಲ್ಲಿ ಎರಡು ದೀಪ ಕಂಡವು. ಅವುಗಳ ಹಿಂದೆ ಮತ್ತೆರಡು, ಎತ್ತರದವು. ಯಾರೋ ಬಸ್ಸಿನ ಹಿಂದಿನ ಕೆಂಪು ದೀಪಕ್ಕೆ ಅಂಟಿಕೊಂಡು ಬರುತ್ತಿದ್ದರು. ಇಂಥ ಮಂಜಿನಲ್ಲಿ ಅದು ಆ ಕಡೆಯ ವಾಡಿಕೆ. ಮುಂದಿನವನು ತನ್ನ ಮನೆಯಂಗಳಕ್ಕೆ ನುಗ್ಗಿದರೆ ಹಿಂದಿನವರೂ ನುಗ್ಗುವರು. "ನೆಂಟ್ರು ಜಾಸ್ತಿಯಾದ್ರು ಅಜ್ಜಿ," ಎಂದಳು ದಿರ್ಚೆ.

"ಬರಲಿ, ಉಡುಗೊರೆ ತಂದಿದಾರೋ ಕೇಳು."

ಊರು ಇನ್ನು ಹತ್ತಿರವೆನ್ನುವಾಗ ಎದುರಿಗೆ ಏನೋ ಬೆಳ್ಳಗೆ ಕೈಯೆತ್ತಿ ನಿಂತಿತು. ದಿರ್ಚೆ ಬ್ರೇಕು ಒತ್ತಿದಳು.

"ಅಯ್ಯೋ, ಅದ್ಯಾವ ಭೂತ?" ಎಂದಳು ಅಜ್ಜಿ.

"ಭೂತ ಅಲ್ಲ ಅಜ್ಜಿ, ನಮ್ಮೂರ ಬಡಗಿ."

ಜೆಲಿಂದೊ ಕೂದಲಿನಿಂದ ಬೂಟಿನವರೆಗೆ ಸುಣ್ಣದಲ್ಲಿ ಮಿಂದಿದ್ದ. ಗಾಡಿಯನ್ನು ಬೋರಲು ಹಾಕಿ ಕಿಟಕಿಯ ಕೆಳಗೆ ಬಂದ. "ಸುಣ್ಣ ಖಾಲಿ. ಅಲ್ಚಿದೆ ಸೂಟು ಹಾಕ್ಕೊಳ್ಳೋಕೆ ಟ್ರಾಕ್ಟರ್ ತಗೊಂಡು ಮನೆಗೆ ಹೋದ."

"ಇನ್ನೂ ಚರ್ಚು ಎಷ್ಟು ದೂರ ಇದೆ! ತಿರುವಲ್ಲಿ ಬಳ್ಳಿ ಬಿಡಿಸಿದ್ದು ಕಡಿಮೆ ಮಾಡಿದ್ರೆ ಆಗ್ತಿತ್ತು."

"ತಿರುವಲ್ಲಿ ಬಿಡ್ದೆ ಎಳಿ ಅಂದಿದ್ದು ಯಾರು?"

"ಎಳಿ ಅಂದೆ, ಸುರಿ ಅಂದ್ನಾ?"

"ಜಗಳ ಮದುವೆ ಆದ್ಮೇಲೆ ಆಡ್ಕೊಳ್ಳಿ!" ಎಂದು ಅಜ್ಜಿ ಗದರಿದಳು. ಯಾರ ಮದುವೆ ಎಂದು ಹೇಳಲಿಲ್ಲ. ಬಸ್ಸಿನೊಳಗೆ ಕಿಸಕಿಸ ನಗು ಹರಿದಾಡಿತು.

ಮುಂದಿನದು ಏರಿಯ ಎತ್ತರದ ಜಾಗ. ದಿರ್ಚೆಯ ಕೈ ಮತ್ತೆ ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿಯಿತು. ಜೆಲಿಂದೊ ಅದನ್ನು ಕಂಡ. ದನಿ ತಗ್ಗಿಸಿ, "ನೋಡು, ನಾನು ಅಂಚಲ್ಲಿ ಮುಂದೆ ನಡೀತೀನಿ. ಮೈಯೆಲ್ಲ ಬಿಳೀನೇ ಇದೆ. ನೀನು ನನ್ನ ಬೆನ್ನು ನೋಡ್ಕೊಂಡು ಬಾ," ಎಂದ.

"ಹಿಂದಿಂದ ತಗುಲಿಬಿಟ್ರೆ?"

"ನಿಲ್ಲಿಸ್ದೆ ಹೋಗಿರೋಳು ನೀನು. ಮೈಮೇಲೆ ಹತ್ತಿಸೋಳಲ್ಲ."

ಅವನು ನಡೆದ. ಬಸ್ಸು ಅವನ ಹಿಂದೆ ನಡೆಯಿತು. ಬಿಳಿ ಬೆನ್ನು ಮಂಜಿನಲ್ಲಿ ಅಲ್ಲಾಡುತ್ತ ಹೋಗುವುದನ್ನು ದಿರ್ಚೆ ರೆಪ್ಪೆ ಬಡಿಯದೆ ನೋಡುತ್ತಿದ್ದಳು. ಕೊಂಚ ಬಾಗಿದ ಬೆನ್ನು; ಎಡಗಾಲು ಸ್ವಲ್ಪ ಎಳೆಯುತ್ತದೆ. ಇಷ್ಟು ವರ್ಷ ಒಂದೇ ಊರಿನಲ್ಲಿದ್ದೂ ತಾನದನ್ನು ಗಮನಿಸಿರಲೇ ಇಲ್ಲವಲ್ಲ ಎಂದುಕೊಂಡಳು.

ಆ ಬೆನ್ನು ಇದ್ದಕ್ಕಿದ್ದಂತೆ ಮಾಯವಾಯಿತು.

ದಿರ್ಚೆ ಬ್ರೇಕಿನ ಮೇಲೆ ಎದ್ದೇ ನಿಂತಳು. "ಜೆಲಿಂದೊ!" ಎಂದು ಕೂಗಿ, ಬಾಗಿಲು ತೆಗೆದು ಕೆಳಗೆ ಹಾರಿದಳು. ಡಾಂಬರಿನ ಅಂಚಿನಲ್ಲಿ ಬಸ್ಸಿನ ಗಾಲಿಯಷ್ಟೇ ದೊಡ್ಡ ತೂತು ಬಾಯಿ ತೆರೆದಿತ್ತು. ನೀರಿಲಿಗಳು ಏರಿಯೊಳಗೆ ಕೊರೆದ ಬಿಲ ಕುಸಿದಿತ್ತು. ಮೇಲಿನ ಕರಿ ಹೊದಿಕೆ ಮಾತ್ರ ಕಾಲಿಡುವವರೆಗೂ ಏನೂ ಆಗಿಲ್ಲವೆಂಬಂತೆ ಹಾಗೇ ಇತ್ತು. ಜೆಲಿಂದೊ ಅದನ್ನು ತುಳಿದು, ದಂಡೆಯುದ್ದಕ್ಕೂ ಜಾರಿ, ಸೊಂಟದವರೆಗೆ ಕಾಲುವೆಯಲ್ಲಿ ನಿಂತಿದ್ದ.

"ಬದುಕಿದೀಯಾ?"

"ಬದುಕಿದೀನಿ! ನೀರು ಮಾತ್ರ ತಣ್ಣಗಿದೆ, ಏನು ಬೈಯೋದಿದ್ರೂ ಮೇಲೆ ಎಳ್ಕೊಂಡು ಬೈ!"

ದಿರ್ಚೆ ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದಳು. ಬಸ್ಸಿನ ಗಂಡಸರು ಇಳಿದು ಬಂದರು. ಹಿಂದಿನ ಲಾರಿಯವನು ಓಡಿಬಂದು ಹಗ್ಗ ಕೊಟ್ಟ. ಅದು ಸಂತೆಗೆ ಹಾವುಮೀನು ಒಯ್ಯುತ್ತಿದ್ದ ಲಾರಿ. ನಡುವಿನ ಸಣ್ಣ ಕಾರಿನಿಂದ ಕನ್ನಡಕದ, ಉದ್ದ ಕೋಟಿನ ಒಬ್ಬ ಇಳಿದ. ಎಲ್ಲರೂ ಸೇರಿ ಜೆಲಿಂದೊನನ್ನು ಎಳೆದು ಮೇಲೆ ಹಾಕಿದರು. ಮೇಲಿನರ್ಧ ಬಿಳಿ, ಕೆಳಗಿನರ್ಧ ಕೆಸರು. ತೆರ್ಸಿಲ್ಲಾ ಅಜ್ಜಿ ಕೈಚೀಲದಿಂದ ಗ್ರಾಪ್ಪಾ ಎಂಬ ಖಾರದ ಬ್ರಾಂಡಿಯ ಪುಟ್ಟ ಸೀಸೆ ತೆಗೆದು ಅವನ ಬಾಯಿಗೆ ಹಿಡಿದಳು. "ದಾರೀಲಿ ಹೊಟ್ಟೆ ತೊಳೆಸಿದ್ರೆ ಇರಲಿ ಅಂತ ತಂದಿದ್ದೆ," ಎಂದು ಯಾರೂ ಕೇಳದಿದ್ದರೂ ವಿವರಣೆ ಕೊಟ್ಟಳು.

ಉದ್ದ ಕೋಟಿನವನು ತೂತಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಇಣುಕಿ, ಬೆವರು ಒರೆಸಿಕೊಂಡ. "ಇವ್ರು ತುಳೀದೆ ಇದ್ದಿದ್ರೆ ಬಸ್ಸಿನ ಗಾಲಿ ತುಳೀತಿತ್ತು," ಎಂದ. ಆ ದನಿಯನ್ನು ದಿರ್ಚೆ ಎಲ್ಲೋ ಕೇಳಿದ್ದಳು.

"ನೀವು ಯಾರು ಸ್ವಾಮಿ?"

"ಬೆಲ್ಲುಕೊ ಅಂತ. ರಸ್ತೆ ಇಲಾಖೆ."

ಬಸ್ಸಿನ ಹತ್ತಿರ ಇದ್ದವರೆಲ್ಲ ಅವನ ಕಡೆ ತಿರುಗಿದರು. ಬೆಲ್ಲುಕೊನೇ ಮುಂದುವರಿಸಿದ: "ರಸ್ತೆ ಒಣಗಿದೆಯಾ ಅಂತ ನೋಡೋಣ ಅಂತ ಹೊರಟೆ. ಒಣಗಿದೆಯೋ ಇಲ್ಲವೋ, ರಸ್ತೇನೇ ಕಾಣಲಿಲ್ಲ. ಸೇತುವೆ ಹತ್ರ ಅಳುವೇ ಬಂದಿತ್ತು. ನಿಮ್ಮ ಕೆಂಪು ದೀಪ ಕಂಡಿದ್ದೇ ತಾಯಿ ಸೆರಗು ಹಿಡಿದ ಹಾಗೆ ಹಿಡ್ಕೊಂಡು ಬಂದೆ. ಆ ಸುಣ್ಣದ ಗೆರೆ ಹಾಕಿದ್ದು ನೀವೇನಾ?" ಎಂದು ಜೆಲಿಂದೊನನ್ನು ಕೇಳಿದ.

"ಹೂಂ. ತಪ್ಪಾ?"

"ಬಾವುಟಗಳಂತೂ ಬಹಳ ಚೆನ್ನಾಗಿದ್ವು," ಎಂದ ಬೆಲ್ಲುಕೊ ಮನಸಾರೆ.

ಅವನು ತನ್ನ ಕಾರನ್ನು ಬಸ್ಸೂ ಲಾರಿಯೂ ಎಡಕ್ಕೆ ಸರಿದು ದಾಟುವಷ್ಟು ಜಾಗ ಬಿಟ್ಟು ತೂತಿನ ಪಕ್ಕದಲ್ಲೇ ನಿಲ್ಲಿಸಿ, ಎಲ್ಲ ದೀಪಗಳನ್ನೂ ಹಾಕಿ, ಹಿಂದೆ ಬರುವವರಿಗಾಗಿ ಕೆಂಪು ತ್ರಿಕೋನವನ್ನೂ ಇಟ್ಟ. ಮುಂದೆ ನಡೆಯುವವರು ಯಾರು ಎಂಬ ಪ್ರಶ್ನೆ ಬಂತು. ಜೆಲಿಂದೊನ ಹಲ್ಲು ಕಟಕಟ ಎನ್ನುತ್ತಿದ್ದವು. ದಿರ್ಚೆ ಅವನನ್ನು ಬಸ್ಸಿಗೆ ತಳ್ಳಿ, ತನ್ನ ಕೋಟು ಬಿಚ್ಚಿ ಹೊದಿಸಿದ್ದಳು. "ನಾನು ನಡೀತೀನಿ. ನಂದೇ ರಸ್ತೆ," ಎಂದ ಬೆಲ್ಲುಕೊ. ಆದರೆ ಅವನ ಕೋಟು ಕರಿಯದು.

ಎಲ್ಲರೂ ಅಜ್ಜಿಯ ಪೊಟ್ಟಣದ ಕಡೆ ನೋಡಿದರು. ಅಜ್ಜಿ ಅದನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡಳು. ಅದರಲ್ಲಿ ಮದುಮಗಳಿಗೆಂದು ಅವಳೇ ಕಸೂತಿ ಹಾಕಿದ ಬಿಳಿ ಹಾಸಿಗೆ ಹೊದಿಕೆಯಿತ್ತು.

"ಎರಡು ಚಳಿಗಾಲ ಕೂತು ಹಾಕಿದ ಕಸೂತಿ ಇದು!"

"ಅಜ್ಜಿ, ಮದುಮಗನೇ ಹೋಗದಿದ್ರೆ ಹಾಸಿಗೆ ಹೊದಿಕೆ ಯಾತಕ್ಕೆ?" ಎಂದು ಹಿಂದಿನಿಂದ ಯಾರೋ ಕೂಗಿದರು.

ಅಜ್ಜಿ ಮೊಮ್ಮಗನ ಮುಖ ನೋಡಿ ಪೊಟ್ಟಣದ ದಾರ ಎಳೆದಳು. "ಮಣ್ಣಾದ್ರೆ ನೀನೇ ಕೈಯಾರೆ ಒಗೆದು ಕೊಡ್ಬೇಕು, ಎಂಜಿನಿಯರೇ," ಎಂದು ಬಿಚ್ಚಿಕೊಟ್ಟಳು.

ಹೀಗೆ ರಸ್ತೆ ಇಲಾಖೆಯ ಎಂಜಿನಿಯರು ಭುಜದಿಂದ ಮೊಣಕಾಲಿನವರೆಗೆ ಕಸೂತಿಯ ಹೊದಿಕೆ ಹೊದ್ದು, ಪ್ರತಿ ಹೆಜ್ಜೆಗೂ ಡಾಂಬರಿನಂಚನ್ನು ಬೂಟಿನಿಂದ ಕುಟ್ಟಿ ನೋಡುತ್ತ ಮುಂದೆ ನಡೆದ. ಅವನ ಹಿಂದೆ ದಿರ್ಚೆಯ ಬಸ್ಸು, ಬಸ್ಸಿನ ಹಿಂದೆ ಹಾವುಮೀನಿನ ಲಾರಿ. ಚರ್ಚಿನಲ್ಲಿ ಪಾದ್ರಿ ದೋನ್ ಸಾಂತೆ, ನೆಂಟರು ದಾರಿ ತಪ್ಪಿರಬೇಕೆಂದು ಗಂಟೆ ಹೊಡೆಸಲು ಶುರುಮಾಡಿದ್ದರು. ಮಂಜಿನೊಳಗಿಂದ ಆ ಸದ್ದು ಬಂದಾಗ ಬಸ್ಸಿನವರು ಹಾಡಲು ತೊಡಗಿದರು. ದಿರ್ಚೆ ಹಾಡಲಿಲ್ಲ. ಅವಳ ಕಣ್ಣು ಮುಂದಿನ ಬಿಳುಪಿನ ಮೇಲಿತ್ತು. ಆದರೆ ಬೆರಳು ಸ್ಟಿಯರಿಂಗಿನ ಮೇಲೆ ತಾಳ ಹಾಕುತ್ತಿತ್ತು.

ಚರ್ಚಿನ ಮೆಟ್ಟಿಲ ಮೇಲೆ ಕಾದಿದ್ದವರಿಗೆ ಮೊದಲು ಕಂಡದ್ದು ಬಿಳಿ ಹೊದ್ದು ತೇಲಿಬರುವ ಒಂದು ಆಕೃತಿ. ಎರಡು ಮೂರು ಮುದುಕಿಯರು ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡರು. ಆಕೃತಿ ಹತ್ತಿರ ಬಂದು, ಕನ್ನಡಕ ಒರೆಸಿಕೊಂಡು, "ಕಾ ಬೊನೆಲ್ಲೊ ಇದೇನಾ?" ಎಂದು ಕೇಳಿತು. ಹಿಂದಿನಿಂದ ಬಸ್ಸಿನ ಹಾರನ್ನು ಊರೇ ಎದ್ದು ಕೂರುವಂತೆ ಮೊಳಗಿತು. ಲೊರೆನಾ ಲಂಗ ಎತ್ತಿಹಿಡಿದುಕೊಂಡು ಮೆಟ್ಟಿಲಿಳಿದು ಓಡಿಬಂದಳು. ಮದುಮಗನ ಕಡೆಗಲ್ಲ, ನೇರ ಡ್ರೈವರಿನ ಕಿಟಕಿಗೆ ಬಂದು, ಅತ್ತೆಯ ಒದ್ದೆ ಮುಖ ಎರಡೂ ಕೈಯಲ್ಲಿ ಹಿಡಿದು ಮುತ್ತಿಟ್ಟಳು.

ಮದುವೆ ಸ್ವಲ್ಪ ತಡವಾಗಿ, ಬಹಳ ಚೆನ್ನಾಗಿ ನಡೆಯಿತು. ಜೆಲಿಂದೊನಿಗೆ ಹಾಕಲು ಒಣಬಟ್ಟೆ ಬೇಕಾಗಿತ್ತು. ಕೈಗೆ ಸಿಕ್ಕಿದ್ದು ದೋನ್ ಸಾಂತೆಯವರ ಹಳೇ ಕರಿ ನಿಲುವಂಗಿಯೊಂದೇ. ಅದನ್ನು ತೊಟ್ಟು ಅವನು ಊಟಕ್ಕೆ ಕುಳಿತಾಗ, ಗಂಡಿನ ಕಡೆಯ ಒಬ್ಬ ಮುದುಕ ಪಾದ್ರಿಯೆಂದೇ ತಿಳಿದು ಅವನ ಬಳಿ ತನ್ನ ಪಾಪವನ್ನೆಲ್ಲ ಒಪ್ಪಿಕೊಂಡು ಹಗುರಾಗಿ ಎದ್ದುಹೋದ. ಹಾವುಮೀನಿನ ಲಾರಿಯವನಿಗೆ ಸಂತೆ ಹೇಗೂ ತಪ್ಪಿತ್ತು. ಅವನು ತನ್ನ ಸರಕನ್ನು ಅಲ್ಚಿದೆಯ ಒಲೆಗೇ ಇಳಿಸಿದ. ಬೆಂಕಿಯ ಮೇಲೆ ಅದು ಚುರುಗುಟ್ಟುವ ವಾಸನೆಗೆ ಕರೆಯದವರೂ ಬಂದರು. ಅಕಾರ್ಡಿಯನ್ ಶುರುವಾಯಿತು. ನಿಲುವಂಗಿಯ ಜೆಲಿಂದೊ ದಿರ್ಚೆಯ ಮುಂದೆ ಬಂದು ಕೈ ಚಾಚಿದ.

"ಪಾದ್ರಿಗಳ ಜೊತೆ ಕುಣಿದ್ರೆ ನರಕವಂತೆ," ಎಂದಳು ದಿರ್ಚೆ.

"ಬಿಸಿಯಾಗಿರುತ್ತೆ, ಬಾ. ನಂಗಿನ್ನೂ ಚಳಿ ಬಿಟ್ಟಿಲ್ಲ," ಎಂದ ಅವನು.

ಅವರು ಕುಣಿದರು. ಅವನು ಎಡಗಾಲು ಎಳೆಯುತ್ತಿದ್ದ, ಅವಳು ಅದಕ್ಕೆ ತಕ್ಕಂತೆ ಹೆಜ್ಜೆ ತಗ್ಗಿಸಿಕೊಂಡಳು.

ಮರುದಿನ ಭಾನುವಾರ ಪಕ್ಕದೂರಿನ ತಂಡದೊಡನೆ ಪಂದ್ಯವಿತ್ತು, ಮೈದಾನಕ್ಕೆ ಎಳೆಯಲು ಒಂದು ಹಿಡಿ ಸುಣ್ಣವೂ ಇರಲಿಲ್ಲ. ಆದರೂ ಆಡಿದರು. ಚೆಂಡು ಹೊರಗೆ ಹೋಯಿತೋ ಒಳಗಿದೆಯೋ ಎಂದು ಆಡಿದ್ದಕ್ಕಿಂತ ಹೆಚ್ಚು ಹೊತ್ತು ಕಿತ್ತಾಡಿದರು. ಕಾ ಬೊನೆಲ್ಲೊ ಗೆದ್ದಿತು ಎಂದು ಕಾ ಬೊನೆಲ್ಲೊದವರು ಇಂದಿಗೂ ಹೇಳುತ್ತಾರೆ.

ಡಿಸೆಂಬರಿನಲ್ಲಿ ಆಲ್ಪ್ಸ್ ಕಡೆಯಿಂದ ಒಣಗಾಳಿ ಬೀಸಿತು. ಐದನೇ ದಿನ ಬೆಲ್ಲುಕೊ ಯಂತ್ರದ ಹಿಂದೆಯೇ ಬಂದಿಳಿದ. ಒಗೆದು ಇಸ್ತ್ರಿ ಮಾಡಿದ ಹೊದಿಕೆಯೂ ಅವನ ಕೈಯಲ್ಲಿತ್ತು. ಬಿಲ ಮುಚ್ಚಿ ಏರಿ ಕಟ್ಟಿಸಿದ. ಎರಡೂ ಅಂಚಿಗೆ, ಬೆಳಕು ಬಿದ್ದರೆ ಹೊಳೆಯುವ ಗಾಜಿನ ಪುಡಿ ಬೆರೆಸಿದ ಗೆರೆ ಎಳೆಸಿದ. ತಿರುವುಗಳಲ್ಲಿ ಮೊಣಕಾಲೆತ್ತರದ ಬಿಳಿ ಗೂಟಗಳು ಬಂದವು. ಅವುಗಳ ನೆತ್ತಿಯ ಕೆಂಪು ಗಾಜು ಬಸ್ಸಿನ ದೀಪಕ್ಕೆ ಬೆಕ್ಕಿನ ಕಣ್ಣಿನಂತೆ ಮಿನುಗುತ್ತಿತ್ತು.

ಮಂಜು ಮತ್ತೆ ಇಳಿದ ಮೊದಲ ಬೆಳಿಗ್ಗೆಯೇ ದಿರ್ಚೆ ಶೆಡ್ಡಿನ ಬಾಗಿಲು ತೆಗೆದಳು. ಕಾರ್ಖಾನೆಯ ಹೆಂಗಸರು ಸೈಕಲ್ಲುಗಳನ್ನು ಗೋಡೆಗೆ ಒರಗಿಸಿ, ಚಪ್ಪಾಳೆ ತಟ್ಟಿ ಬಸ್ಸು ಹತ್ತಿದರು. ಕೊನೆಯಲ್ಲಿ ಜೆಲಿಂದೊ ಹತ್ತಿ ಡ್ರೈವರಿನ ಹಿಂದಿನ ಸೀಟಿನಲ್ಲಿ ಕುಳಿತ. ಅವನ ಕೈಯಲ್ಲಿ ಕುರ್ಚಿಯಿರಲಿಲ್ಲ, ಹತಾರದ ಚೀಲವೂ ಇರಲಿಲ್ಲ.

"ಎಲ್ಲಿಗೆ?" ಎಂದಳು ದಿರ್ಚೆ.

"ಕಾರ್ಖಾನೆವರೆಗೂ."

"ಅಲ್ಲೇನು ಕೆಲಸ ನಿಂಗೆ?"

"ಏನಿಲ್ಲ."

"ಮತ್ತೆ ಅಲ್ಲಿಂದ ಎಲ್ಲಿಗೆ?"

"ವಾಪಸ್ ಇಲ್ಲಿಗೇ."

ಹಿಂದಿನ ಸೀಟುಗಳಲ್ಲಿ ಯಾರೋ ಕೆಮ್ಮಿದರು, ಯಾರೋ ಕೆಮ್ಮಿದವಳನ್ನು ಚಿವುಟಿದರು, ಕೊನೆಗೆ ತಡೆಯಲಾರದೆ ಎಲ್ಲರೂ ಒಟ್ಟಿಗೆ ನಕ್ಕುಬಿಟ್ಟರು. ದಿರ್ಚೆ ಗಾಜು ಇಳಿಸಿ ಬಿಸಿಯೇರಿದ ಮುಖವನ್ನು ಮಂಜಿಗೆ ಒಡ್ಡಿದಳು. ಎಂದೂ ತಪ್ಪದ ಕೈ ಅಂದು ಗೇರು ತಪ್ಪಿ ಹಾಕಿತು. ಬಸ್ಸು ಗರ್ರೆಂದು ಒಮ್ಮೆ ಕೆನೆದು, ಗೆರೆ ಹಿಡಿದು ಹೊರಟಿತು.